ತಟ್ಟೆಯ ನಂಬರ್ ನೆನಪಿತ್ತು, ಹೆಸರು ಗೊತ್ತಿರಲಿಲ್ಲ

ಏಪ್ರಿಲ್ ಮೊದಲ ವಾರ. ಇಲ್ಲಿ ಅಮೆರಿಕದ ಷಾರ್ಲೆಟ್‌ನಲ್ಲಿ ಪೈನ್ ಮರಗಳ ಹಳದಿ ಪುಡಿ ಕಾರು, ಮೆಟ್ಟಿಲು, ಕಿಟಕಿ ಎಲ್ಲದರ ಮೇಲೂ ಕೂತಿರುವ ಕಾಲ. ಆಫೀಸಿನಿಂದ ಬಂದವನು ಟಪಾಲು ಡಬ್ಬಿ ತೆಗೆದು ನೋಡುತ್ತಿದ್ದೆ. ಹಿಂದಿನಿಂದ ಒಂದು ಪುಟ್ಟ ದನಿ ಕೇಳಿತು.

"ಊಟಾ ಆಯ್ಟಾ?"

ತಿರುಗಿ ನೋಡಿದರೆ ಪಕ್ಕದ ಮನೆಯ ಹುಡುಗಿ. ಒಂಬತ್ತು ವರ್ಷ. ಕೈತುಂಬ ಹಸಿರು ಗಾಜಿನ ಬಳೆ. ಹದಿನಾಲ್ಕು ವರ್ಷದಿಂದ ಈ ದೇಶದಲ್ಲಿದ್ದೇನೆ. ನಮ್ಮವರು, ಕನ್ನಡ ಸಂಘದವರು ಬಿಟ್ಟರೆ ಇಲ್ಲಿ ಯಾರೂ ನನ್ನನ್ನು ಊಟ ಆಯ್ತಾ ಅಂತ ಕೇಳಿದ್ದಿಲ್ಲ. "ಇನ್ನೂ ಇಲ್ಲಮ್ಮ, ನಿಂದು?" ಅಂದೆ. ಅವಳಿಗೆ ಅಲ್ಲಿಂದ ಮುಂದೆ ಕನ್ನಡ ಬರುತ್ತಿರಲಿಲ್ಲ. ನಕ್ಕು ಓಡಿಹೋದಳು. ನಾನು ಕೈಯಲ್ಲಿ ಕಾಗದಗಳನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಅವರ ಮನೆಯವರು ಆಗಷ್ಟೇ ನಮ್ಮ ಕಡೆ ಹೋಗಿ ಬಂದಿದ್ದರು. ಗಂಡ, ಹೆಂಡತಿ, ಈ ಹುಡುಗಿ, ಅವಳ ಹದಿಮೂರು ವರ್ಷದ ಅಣ್ಣ. ಚರ್ಚಿನಿಂದ ಒಟ್ಟು ಹನ್ನೊಂದು ಜನರ ತಂಡ, ಹತ್ತು ದಿನದ ಮಿಷನ್ ಟ್ರಿಪ್, ಅಂದರೆ ಚರ್ಚಿನವರು ಸೇವೆಗೆ ಅಂತ ಹೋಗುವ ಪ್ರವಾಸ. ಅನಾಥಾಲಯದಂಥ ಮಕ್ಕಳ ಮನೆಗಳು ಎರಡಕ್ಕೆ ಹೋಗಿದ್ದರು. ಒಂದು ಕೋಲಾರದ ಕಡೆ, ಇನ್ನೊಂದು ಗಡಿ ದಾಟಿ ಕುಪ್ಪಂ ಆಚೆ. ಹೋಗುವ ಮೊದಲು ಆರು ತಿಂಗಳು ದುಡ್ಡು ಕೂಡಿಸಿದ್ದರು. ಹುಡುಗ ಬೀದಿಯವರ ಹುಲ್ಲು ಕತ್ತರಿಸಿಕೊಟ್ಟ. ಹುಡುಗಿ ಕುಕೀಸ್ ಮಾರಿದಳು. ನಾವೂ 50 ಡಾಲರ್ ಕೊಟ್ಟಿದ್ದೆವು. ಹೊರಡುವ ಭಾನುವಾರ ಚರ್ಚಿನಲ್ಲಿ ಎಲ್ಲರೂ ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸಿದರಂತೆ.

ಬಂದ ಮೇಲೆ ನಮ್ಮನ್ನು ಮನೆಗೆ ಕರೆದರು. ಫೋಟೊ ತೋರಿಸುತ್ತಾರೆ, ನೋಡಿ ಚೆನ್ನಾಗಿದೆ ಅಂದು ಬರೋಣ ಅಂದುಕೊಂಡು ಹೋದೆವು. ಆದರೆ ಆ ಮನೆಯಾಕೆ ಫೋಟೊಗಿಂತ ಮೊದಲು ಒಂದು ನೋಟ್‌ಬುಕ್ ತಂದರು. ಒಂದೊಂದು ಪುಟದಲ್ಲಿ ಒಂದೊಂದು ಮಗುವಿನ ಹೆಸರು. ಪಕ್ಕದಲ್ಲಿ ಅದನ್ನು ಹೇಗೆ ಹೇಳಬೇಕು ಅಂತ ತಮಗೆ ತಿಳಿಯುವ ಹಾಗೆ ಬಿಡಿಸಿ ಬರೆದುಕೊಂಡಿದ್ದರು. ಕೆಳಗೆ ಎರಡು ಸಾಲು. ಇವಳಿಗೆ ಬದನೆಕಾಯಿ ಆಗುವುದಿಲ್ಲ. ಇವನು ಬರೀ ಬಸ್ಸಿನ ಚಿತ್ರ ಬರೆಯುತ್ತಾನೆ, ಬಸ್ಸಿಗೆ ಯಾವಾಗಲೂ ಕೆಂಪು ಬಣ್ಣ. ಇವಳು ಕತ್ತಲಾದರೆ ಮಾತಾಡುವುದಿಲ್ಲ. ಒಟ್ಟು ಮೂವತ್ತೊಂದು ಪುಟ.

ಅವರ ಮಗ ಮೊಣಕೈ ತೋರಿಸಿದ. ಕಬಡ್ಡಿಯಲ್ಲಿ ತರಚಿದ ಗಾಯ ಇನ್ನೂ ಪೂರ್ತಿ ಮಾಸಿರಲಿಲ್ಲ. ಹುಡುಗಿ ಎರಡು ದಿನ ಅಲ್ಲಿನ ಇನ್ನೊಬ್ಬಳು ಹುಡುಗಿಯ ಹತ್ತಿರ ಜಡೆ ಹಾಕಿಸಿಕೊಂಡಿದ್ದಾಳೆ. ಊಟಕ್ಕೆ ಇವರೂ ಪಂಕ್ತಿಯಲ್ಲೇ ನೆಲಕ್ಕೆ ಕೂತಿದ್ದಾರೆ. ಬಡಿಸಿದ್ದು ಮಕ್ಕಳು. ಮುದ್ದೆ ನುಂಗುವುದನ್ನು ಹೇಳಿಕೊಟ್ಟದ್ದೂ ಆ ಮಕ್ಕಳೇ.

ಆಗ ನಾನೂ ಹೇಳಿಕೊಂಡೆ. ನಮ್ಮ ತಂದೆಯ ತಿಥಿಗೆ ಪ್ರತಿ ವರ್ಷ ತುಮಕೂರಿನ ಹತ್ತಿರ ಒಂದು ಮಕ್ಕಳ ಮನೆಯಲ್ಲಿ ಊಟ ಹಾಕಿಸುತ್ತೇವೆ, ಹನ್ನೆರಡು ವರ್ಷ ಆಯಿತು, ಒಂದು ವರ್ಷವೂ ತಪ್ಪಿಸಿಲ್ಲ ಅಂತ. ಆಕೆಯ ಮುಖ ಅರಳಿತು. ನೋಟ್‌ಬುಕ್‌ನ ಕೊನೆಯ ಪುಟ ತೆಗೆದು, ಪೆನ್ನು ಹಿಡಿದು ಕೇಳಿದರು. "ಆ ಮಕ್ಕಳ ಹೆಸರು ಹೇಳಿ, ಅವರಿಗೂ ಪ್ರಾರ್ಥನೆ ಮಾಡುತ್ತೇವೆ."

ನನಗೆ ಒಂದು ಹೆಸರೂ ಗೊತ್ತಿರಲಿಲ್ಲ.

ಒಂದು ನಂಬರ್ ಮಾತ್ರ ನೆನಪಿತ್ತು. ಮೂರು ವರ್ಷದ ಹಿಂದೆ ಜುಲೈನಲ್ಲಿ ನಾನೇ ಹೋಗಿದ್ದಾಗ, ಊಟ ಮುಗಿದ ಮೇಲೆ ನಲ್ಲಿ ಹತ್ತಿರ ಒಬ್ಬ ಹುಡುಗ ತಟ್ಟೆ ತೊಳೆಯುತ್ತಿದ್ದ. ಆರೋ ಏಳೋ ವರ್ಷ ಇರಬಹುದು. ಸ್ಟೀಲ್ ತಟ್ಟೆಯ ಹಿಂದೆ ಕೆಂಪು ಉಗುರುಬಣ್ಣದಲ್ಲಿ 27 ಅಂತ ಬರೆದಿತ್ತು. ಬೂದಿ ಹಾಕಿ ತಿಕ್ಕುವಾಗ ನಂಬರ್ ಇದ್ದ ಕಡೆ ಮಾತ್ರ ಅವನು ಬೆರಳು ತಾಗಿಸುತ್ತಿರಲಿಲ್ಲ. ಬಣ್ಣ ಹೋಗಬಾರದು ಅಂತ ಅದರ ಸುತ್ತ ಮಾತ್ರ ಉಜ್ಜುತ್ತಿದ್ದ. ನಾನು ನಿಂತು ನೋಡಿದೆ. ಹೆಸರು ಕೇಳಬೇಕು ಅಂತ ಹೊಳೆಯಲೇ ಇಲ್ಲ. ಡ್ರೈವರ್ ಬಂದು "ಹೊರಡೋಣ್ವಾ ಸಾರ್" ಅಂದ, ಹೊರಟೆ.

ನಮ್ಮಲ್ಲಿ ಅದು ಹೇಗೆ ನಡೆಯುತ್ತದೆ ಅಂತ ನಿಮಗೆಲ್ಲ ಗೊತ್ತು. ಆಫೀಸ್ ಕೋಣೆಯಲ್ಲಿ ರೇಟಿನ ಬೋರ್ಡು ಇರುತ್ತದೆ. ಬೆಳಗಿನ ತಿಂಡಿ ಇಷ್ಟು, ಮಧ್ಯಾಹ್ನದ ಊಟ ಇಷ್ಟು, ಸಿಹಿ ಬೇಕಾದರೆ ಇಷ್ಟು. ದುಡ್ಡು ಕಟ್ಟಿ ರಸೀದಿ ತಗೊಳ್ಳುತ್ತೇವೆ. ಮಕ್ಕಳು ಸಾಲಾಗಿ ಕೂರುತ್ತಾರೆ. ಅನ್ನ ತಣ್ಣಗಾಗುತ್ತಿರುತ್ತದೆ, ನಾವು ಸೌಟು ಹಿಡಿದು ಮೊಬೈಲ್ ಕಡೆ ನೋಡುತ್ತಿರುತ್ತೇವೆ. ಮಕ್ಕಳು ಕೈಮುಗಿದು ಶ್ಲೋಕ ಹೇಳುತ್ತಾರೆ, ಆಮೇಲೆ ಒಟ್ಟಿಗೆ "ಥ್ಯಾಂಕ್ಯೂ ಅಂಕಲ್, ಥ್ಯಾಂಕ್ಯೂ ಆಂಟಿ". ಭಾನುವಾರ ಆದರೆ ಒಂದೇ ದಿನ ಮೂರು ಜನ ಗೊತ್ತಿಲ್ಲದವರ ಮಕ್ಕಳಿಗೆ ಹ್ಯಾಪಿ ಬರ್ತ್‌ಡೇ ಹಾಡುತ್ತಾರೆ. ತಮ್ಮ ಹುಟ್ಟಿದ ದಿನ ಯಾವುದು ಅಂತ ಗೊತ್ತಿಲ್ಲದ ಮಕ್ಕಳೂ ಚಪ್ಪಾಳೆ ತಟ್ಟಿ ಹಾಡುತ್ತಾರೆ. ಎರಡು ಗಂಟೆಗೆಲ್ಲ ನಾವು ಮನೆಗೆ ಬಂದು ಮಲಗಿರುತ್ತೇವೆ.

ಇದರಲ್ಲಿ ಪ್ರೀತಿ ಇಲ್ಲ ಅಂತ ಹೇಳುತ್ತಿಲ್ಲ. ಆದರೆ ನಾವು ಅನ್ನ ಕೊಡುತ್ತೇವೆ, ನಮ್ಮನ್ನು ಕೊಡುವುದಿಲ್ಲ. ನಮ್ಮ ಮಕ್ಕಳನ್ನಂತೂ ಅಲ್ಲಿ ಕೂರಿಸುವುದೇ ಇಲ್ಲ. ನನ್ನ ಮಗಳನ್ನು ಆ ಮನೆಗೆ ಎರಡು ಸಲ ಕರೆದುಕೊಂಡು ಹೋಗಿದ್ದೇನೆ. ಎರಡು ಸಲವೂ ಅವಳು ಆಫೀಸ್ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಕೂತಿದ್ದಳು. ಬಾಟಲಿ ನೀರು ಕುಡಿದಳು. "ನೀನು ಇಲ್ಲೇ ಇರಮ್ಮ, ಹೊರಗೆ ಬಿಸಿಲು" ಅಂದದ್ದು ನಾನೇ. ಪಕ್ಕದ ಮನೆಯವರು ಅದೇ ಬಿಸಿಲಿನಲ್ಲಿ ತಮ್ಮ ಮಗನನ್ನು ಕಬಡ್ಡಿಗೆ ಇಳಿಸಿದರು. ಅವರಿಗೆ ಆ ಮಕ್ಕಳು ಮಕ್ಕಳು. ನಮಗೆ ಪುಣ್ಯದ ಲೆಕ್ಕ.

ಕೋಲಾರದ ಕಡೆ ಅಮೆರಿಕದವರು ಬರುವುದು ಇವತ್ತಿನ ಮಾತಲ್ಲ. 1876ರಿಂದ 78ರ ಬರ, ನಮ್ಮ ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದರಲ್ಲ, ಅದು ಮೈಸೂರು ಸೀಮೆಯನ್ನೇ ಖಾಲಿ ಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ ಇದ್ದ ಜನ 1881ಕ್ಕೆ 42 ಲಕ್ಷಕ್ಕೆ ಇಳಿದರು. ಆಗ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಅನ್ನುವ ಇಂಗ್ಲಿಷ್ ಹೆಣ್ಣುಮಗಳು ಬರದಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ಕೂಡಿಸಿ ಸಾಕಿದರು. ಆಮೇಲೆ ಆ ಕೆಲಸವನ್ನು ಅಮೆರಿಕದ ಮೆಥಡಿಸ್ಟ್ ಮಿಷನ್ ವಹಿಸಿಕೊಂಡಿತು. ಕೋಲಾರದ ಇಟಿಸಿಎಂ ಆಸ್ಪತ್ರೆ ಅದೇ ಮಿಷನ್‌ನವರು ಕಟ್ಟಿದ್ದು. ಊರು ಬಿಟ್ಟು ಬಂದು, ನಮ್ಮ ಭಾಷೆ ಕಲಿತು, ನಮ್ಮ ಮಣ್ಣಿನಲ್ಲೇ ತೀರಿಕೊಂಡವರು ಅವರಲ್ಲಿ ಎಷ್ಟೋ ಜನ. ಪಕ್ಕದ ಮನೆಯವರಿಗೆ ಇದನ್ನು ನಾನೇ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಮೂವತ್ತೊಂದು ಪುಟದ ನೋಟ್‌ಬುಕ್ ವಿಷಯ ಹೇಳಿದೆ. ನಾವು ಹನ್ನೆರಡು ವರ್ಷದಲ್ಲಿ ಒಂದು ಹೆಸರೂ ಕೇಳಲಿಲ್ಲವಲ್ಲಮ್ಮ ಅಂತ ಬೇಜಾರು ಮಾಡಿಕೊಂಡೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಹೆಸರು ಕೇಳಿ ಏನು ಮಾಡ್ತೀಯೋ? ಮಾಯೆ ಹಚ್ಚಿ ನೀನು ವಿಮಾನ ಹತ್ತಿಬಿಡ್ತೀಯ. ಆ ಮಗು ಬಾಗಿಲ ಕಡೆ ನೋಡ್ಕೊಂಡು ಕೂರುತ್ತೆ."

ಅವತ್ತು ಆ ಮಾತು ನನಗೆ ಹಿಡಿಸಲಿಲ್ಲ. ನಮ್ಮವರು ಎಲ್ಲದಕ್ಕೂ ಒಂದು ಕಾರಣ ಹುಡುಕುತ್ತಾರೆ ಅನಿಸಿತು. ಕೈ ಕೆಸರಾಗದ ಹಾಗೆ ದೂರ ನಿಲ್ಲುವುದಕ್ಕೆ ಇದೂ ಒಂದು ನೆಪ ಅಂತ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅರ್ಧ ಭಾಗ ಇವತ್ತಿಗೂ ಇದೆ.

ಇಲ್ಲಿ ಒಂದು ವಿಷಯ ಬಿಚ್ಚಿ ಹೇಳಬೇಕು. ಇವರು ಹೋಗಿದ್ದು ಮಿಷನ್ ಟ್ರಿಪ್‌ಗೆ. ಬೈಬಲ್ ಕತೆ ಹೇಳಿದ್ದಾರೆ, ಕೈಕುಣಿಸಿ ಹಾಡುವ ಯೇಸುವಿನ ಹಾಡು ಕಲಿಸಿದ್ದಾರೆ. ವಿಡಿಯೊದಲ್ಲಿ ನೋಡಿದಾಗ ನನ್ನ ಹೊಟ್ಟೆಯೊಳಗೆ ಏನೋ ಬಿಗಿಯಾಯಿತು. ಊಟ, ಹಾಸಿಗೆ ಎಲ್ಲಕ್ಕೂ ದೊಡ್ಡವರನ್ನೇ ನೆಚ್ಚಿಕೊಂಡ ಮಗು ಯಾವ ಹಾಡು ಹೇಳಿಕೊಟ್ಟರೂ ಹಾಡುತ್ತದೆ, ಬೇಡ ಅನ್ನುವುದಕ್ಕೆ ಅದಕ್ಕೆ ಬರುವುದಿಲ್ಲ. ಇದನ್ನು ಪಕ್ಕದ ಮನೆಯವರಿಗೂ ನೇರವಾಗಿ ಹೇಳಿದೆ. ಅವರು ಜಗಳಕ್ಕೆ ಬರಲಿಲ್ಲ. ಅವರ ನಂಬಿಕೆ ಅವರಿಗೆ ಉಸಿರಿನಷ್ಟು ನಿಜ, ಅದನ್ನು ಮನೆಯಲ್ಲಿಟ್ಟು ಬಾ ಅಂದರೆ ಅವರಿಂದ ಆಗುವುದಿಲ್ಲ. ಅದೇ ಮಾತನ್ನು ನಮ್ಮ ಶ್ಲೋಕಕ್ಕೂ ಹೇಳಬೇಕಲ್ವಾ ಅಂತ ಆಮೇಲೆ ಅನಿಸಿತು. ನಾವು ಪಾಯಸ ಬಡಿಸುವ ಮುಂಚೆ ಶ್ಲೋಕ ಹೇಳುವ ಮಕ್ಕಳನ್ನೂ ಯಾರೂ ಕೇಳಿರುವುದಿಲ್ಲ.

ಅವರ ಮನೆಯ ಅಜ್ಜಿಯ ಫ್ರಿಜ್ಜಿನ ಮೇಲೆ ಒಂದು ಫೋಟೊ ಇದೆ. ಎರಡು ಜಡೆ, ನೀಲಿ ಯೂನಿಫಾರ್ಮ್, ಎಂಟು ವರ್ಷದ ಹುಡುಗಿ. ಅಜ್ಜಿ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಅನ್ನುವ ಅಮೆರಿಕದ ಕ್ರಿಶ್ಚಿಯನ್ ಸಂಸ್ಥೆಯ ಮೂಲಕ ತಿಂಗಳು ತಿಂಗಳು ದುಡ್ಡು ಕಳಿಸಿ ಆ ಹುಡುಗಿಯನ್ನು ಓದಿಸುತ್ತಿದ್ದರು. ಹುಡುಗಿ ಅವಳ ಊರಿನಲ್ಲಿ ಅವಳ ಮನೆಯಲ್ಲೇ ಇದ್ದಳು. ಮೂರು ತಿಂಗಳಿಗೊಮ್ಮೆ ಕಾಗದ ಬರುತ್ತಿತ್ತು. ವಿದೇಶಿ ದೇಣಿಗೆ ಕಾಯ್ದೆಯಡಿ ಸರ್ಕಾರ ಆ ಸಂಸ್ಥೆಯ ಹಣಕ್ಕೆ ಮೊದಲೇ ಅನುಮತಿ ಬೇಕು ಅಂದಿತು. 2017ರ ಮಾರ್ಚ್‌ನಲ್ಲಿ ಸಂಸ್ಥೆ ಭಾರತದಲ್ಲಿ ಕೆಲಸ ನಿಲ್ಲಿಸಿತು. 1 ಲಕ್ಷ 45 ಸಾವಿರಕ್ಕಿಂತ ಜಾಸ್ತಿ ಮಕ್ಕಳಿಗೆ ಬರುತ್ತಿದ್ದ ನೆರವು ನಿಂತಿತು. ಮತಾಂತರದ ಬಗ್ಗೆ ಸರ್ಕಾರಕ್ಕೆ ಅನುಮಾನ ಇತ್ತು, ಸಂಸ್ಥೆ ಅದನ್ನು ಒಪ್ಪಲಿಲ್ಲ. ಆ ವಾದ ಅಜ್ಜಿಗೆ ಗೊತ್ತಿಲ್ಲ. ಕಾಗದ ಯಾಕೆ ನಿಂತಿತು ಅಂತ ಈಗಲೂ ನನ್ನನ್ನು ಕೇಳುತ್ತಾರೆ. ಆ ಹುಡುಗಿಗೆ ಈಗ ಮದುವೆಯ ವಯಸ್ಸು ಆಗಿರಬೇಕು. ಫೋಟೊ ಅಲ್ಲೇ ಇದೆ.

ಅಮ್ಮನ ಮಾತು ನನ್ನ ತಲೆಗೆ ವಾಪಸ್ ಬಂದದ್ದು ಜೂನ್‌ನಲ್ಲಿ. ಪಕ್ಕದ ಮನೆಯ ಹುಡುಗಿ ತನಗೆ ಜಡೆ ಹಾಕಿದವಳಿಗೆ ಕಾಗದ ಬರೆದಿದ್ದಳು. ಉತ್ತರ ಬಂತು. ಮೊದಲ ಸಾಲು ಕನ್ನಡದಲ್ಲಿತ್ತು, ಓದಿಸಲು ನನ್ನ ಹತ್ತಿರ ತಂದಳು. ರೂಲು ಹಾಕಿದ ಹಾಳೆ, ಪೆನ್ಸಿಲ್ ಅಕ್ಷರ. "ನೀನು ಯಾವಾಗ ಬರ್ತೀಯ? ಈ ಭಾನುವಾರ ಬರ್ತೀಯ ಅಂತ ಕಾದೆ."

ಅದನ್ನು ಓದಿ ಹೇಳುವುದು ನನಗೆ ಕಷ್ಟವಾಯಿತು. ಈ ಭಾನುವಾರ ಅಂತ ಅಲ್ಲಿ ಯಾರೂ ಹೇಳಿರಲಿಲ್ಲ. ಆ ಮಗು ತಾನೇ ಅಂದುಕೊಂಡಿತ್ತು.

ಅವತ್ತಿನಿಂದ ನಾನು ಬೇರೆ ಥರ ಲೆಕ್ಕ ಹಾಕತೊಡಗಿದೆ. ಹತ್ತು ದಿನ ತೊಡೆಯ ಮೇಲೆ ಕೂರಿಸಿಕೊಂಡು ಹನ್ನೊಂದನೇ ದಿನ ಕೈಬೀಸಿ ಹೊರಡುತ್ತಾರೆ. ಮುಂದಿನ ತಿಂಗಳು ಇನ್ನೊಂದು ತಂಡ, ಇನ್ನೊಂದು ಬಣ್ಣದ ಟೀ ಶರ್ಟು. ಒಮ್ಮೆ ಬಿಟ್ಟುಹೋದ ಮಕ್ಕಳನ್ನು ಹೀಗೆ ವರ್ಷಕ್ಕೆ ನಾಲ್ಕು ಸಲ ಪ್ರೀತಿಯಿಂದಲೇ ಬಿಟ್ಟುಹೋಗುವುದು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಕೂಡ ಅನಾಥಾಲಯಗಳಿಗೆ ಹೀಗೆ ಸೇವೆಯ ಹೆಸರಿನಲ್ಲಿ ಪ್ರವಾಸ ಹೋಗುವುದರ ಬಗ್ಗೆ ಎಚ್ಚರಿಸಿತ್ತು. ಅಷ್ಟು ದೂರ ಯಾಕೆ, ಇಲ್ಲೇ ನೋಡಿ. ಅಮೆರಿಕದಲ್ಲಿ ಈಗ ಅನಾಥಾಲಯ ಅಂತ ಹುಡುಕಿದರೂ ಸಿಗುವುದು ಕಷ್ಟ. 1909ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶ್ವೇತಭವನದಲ್ಲಿ ಕರೆದ ಸಭೆ ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರೆ ಮಾಡಬಾರದು ಅಂದಿತು. ಆಮೇಲೆ ನಿಧಾನವಾಗಿ ದೊಡ್ಡ ದೊಡ್ಡ ಅನಾಥಾಲಯಗಳು ಮುಚ್ಚಿದವು. ಈಗ ಮನೆಯಿಲ್ಲದ ಮಕ್ಕಳನ್ನು ಹೆಚ್ಚಾಗಿ ಫಾಸ್ಟರ್ ಮನೆಗಳಿಗೆ, ಅಂದರೆ ತಮ್ಮ ಮನೆಯಲ್ಲೇ ಇಟ್ಟುಕೊಂಡು ಸಾಕುವ ಕುಟುಂಬಗಳಿಗೆ, ಕೊಡುತ್ತಾರೆ.

ಪಕ್ಕದ ಮನೆಯವರೇ ಎರಡು ವರ್ಷ ಒಬ್ಬ ಹುಡುಗನನ್ನು ಹಾಗೆ ಸಾಕಿದ್ದರು. ಪೊಲೀಸ್ ತಪಾಸಣೆ, ತರಬೇತಿ, ತಿಂಗಳಿಗೊಮ್ಮೆ ಸಮಾಜಕಾರ್ಯಕರ್ತೆ ಮನೆಗೆ. ಅವನ ಫೋಟೊವನ್ನು ಫೇಸ್‌ಬುಕ್‌ಗೆ ಹಾಕುವ ಹಾಗಿರಲಿಲ್ಲ. ಒಂದು ಸಂಜೆ ನಾನು ಆಕೆಯನ್ನು ಕೇಳಿದೆ. ನಮ್ಮ ತುಮಕೂರಿನಿಂದ ಹನ್ನೊಂದು ಜನ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಬಂದು, ಆ ಹುಡುಗನ ಜೊತೆ ಮೂರು ದಿನ ಆಡಿ, ಫೋಟೊ ತೆಗೆದುಕೊಂಡು ಹೋಗುತ್ತೇವೆ ಅಂದಿದ್ದರೆ?

ಆಕೆ ತುಂಬಾ ಹೊತ್ತು ಮಾತಾಡಲಿಲ್ಲ. "ನಾನು ಬಾಗಿಲು ತೆಗೆಯುತ್ತಿರಲಿಲ್ಲ" ಅಂದರು.

ಒಳ್ಳೆಯ ಹೆಂಗಸು. ಅವತ್ತು ಅವರ ಕಣ್ಣಲ್ಲಿ ನೀರಿತ್ತು, ಕೇಳಬಾರದಿತ್ತೇನೋ ಅಂತ ನನಗೂ ಅನಿಸಿತು. ಆದರೆ ದುಡ್ಡಿನ ಮಾತೂ ಬಂತು. ನಾಲ್ಕು ಜನಕ್ಕೆ ಟಿಕೆಟ್ಟು, ವೀಸಾ, ಚುಚ್ಚುಮದ್ದು, ಓಡಾಟ ಎಲ್ಲ ಸೇರಿ 12 ಸಾವಿರ ಡಾಲರ್. ಹತ್ತಿರ ಹತ್ತಿರ 10 ಲಕ್ಷ ರೂಪಾಯಿ. ಮಿಷನ್ ವಾತ್ಸಲ್ಯ ಅಂತ ನಮ್ಮ ಕೇಂದ್ರ ಸರ್ಕಾರದ ಯೋಜನೆ ಇದೆ. ಗಂಡ ತೀರಿಕೊಂಡ, ಗಂಡ ಬಿಟ್ಟುಹೋದ ಹೆಣ್ಣುಮಕ್ಕಳು ತಮ್ಮ ಮಗುವನ್ನು ತಾವೇ ಇಟ್ಟುಕೊಂಡು ಸಾಕಲಿ ಅಂತ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಅದೇ ಲೆಕ್ಕದಲ್ಲಿ ಆ 10 ಲಕ್ಷಕ್ಕೆ 20 ಮಕ್ಕಳು ಒಂದು ವರ್ಷ ಅಮ್ಮನ ಹತ್ತಿರವೇ ಇರಬಹುದಿತ್ತು. ಯಾಕೆಂದರೆ ಆ ನೋಟ್‌ಬುಕ್‌ನ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳಿಗೆ ತಾಯಿ ಇದ್ದಾಳೆ. ಆಕೆಯೇ ಅದನ್ನೂ ಬರೆದುಕೊಂಡಿದ್ದರು. ತಾಯಿ ಗಾರೆ ಕೆಲಸ, ತಾಯಿ ಬೆಂಗಳೂರಿನಲ್ಲಿ ಮನೆಗೆಲಸ, ಯುಗಾದಿಗೆ ಬರುತ್ತಾಳೆ.

ಇನ್ನೊಂದು ಮಾತನ್ನು ಇಷ್ಟು ಹೊತ್ತು ಹೇಳದೇ ಬಿಟ್ಟಿದ್ದೆ. ನಮ್ಮ ಅಪ್ಪ ಬೆಳೆದದ್ದೇ ಸಿದ್ಧಗಂಗಾ ಮಠದ ಹಾಸ್ಟೆಲಿನಲ್ಲಿ. ಅಜ್ಜ ಅಜ್ಜಿ ಇಬ್ಬರೂ ಇದ್ದರು, ಹೊಲವೂ ಇತ್ತು, ಮಳೆ ಇರಲಿಲ್ಲ. ಸಾವಿರಾರು ಹುಡುಗರ ಜೊತೆ ತಟ್ಟೆ ಹಿಡಿದು ಕೂತು, ಸಂಜೆ ಸಾಮೂಹಿಕ ಪ್ರಾರ್ಥನೆ ಹೇಳಿ, ಓದಿ ಮೇಷ್ಟ್ರಾದರು. 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮೀಜಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಅಮ್ಮ ಅಪ್ಪನ ಫೋಟೊದ ಪಕ್ಕ ಅವರ ಫೋಟೊ ಇಟ್ಟು ದೀಪ ಹಚ್ಚಿದರು. ಮಠಕ್ಕೆ ರಾಗಿ, ಬೇಳೆ ತಂದು ಹಾಕುತ್ತಿದ್ದ ರೈತರಿಗೆ ಅಪ್ಪನ ಹೆಸರು ಗೊತ್ತಿರಲಿಲ್ಲ. ಮೂಟೆ ಇಳಿಸಿ, ಕೈಮುಗಿದು ಹೋಗುತ್ತಿದ್ದರು. ಆ ರಾಗಿಯಲ್ಲಿ ಅಪ್ಪ ಬೆಳೆದರು. ಯಾರೂ ತೊಡೆಯ ಮೇಲೆ ಕೂರಿಸಿಕೊಳ್ಳಲಿಲ್ಲ ಅಂತ ಅವರು ಒಂದು ದಿನವೂ ನೊಂದುಕೊಂಡದ್ದಿಲ್ಲ. ನೆನೆಸಿಕೊಳ್ಳುತ್ತಿದ್ದದ್ದು ಬೇಸಿಗೆ ರಜೆಗೆ ಅಜ್ಜ ಎತ್ತಿನಗಾಡಿ ಕಟ್ಟಿಕೊಂಡು ಕರೆಯಲು ಬರುತ್ತಿದ್ದದ್ದನ್ನು.

ಹಾಗಾಗಿ ಅಮ್ಮ ಹೇಳಿದ್ದರಲ್ಲಿ ನಿಜ ಇದೆ. ಒಪ್ಪುತ್ತೇನೆ. ದೂರ ನಿಂತು ಕೊಡುವುದರಲ್ಲೂ ಒಂದು ಮರ್ಯಾದೆ ಇದೆ. ಆದರೆ ಆ ಮರ್ಯಾದೆ ಮೂಟೆ ಇಳಿಸಿ ಹೋದ ರೈತನದು. ಸೌಟು ಹಿಡಿದು ಫೋಟೊ ತೆಗೆಸಿಕೊಂಡ ನನ್ನದಲ್ಲ.

ಜುಲೈ ಹತ್ತಿರ ಬಂದಾಗ ಮಕ್ಕಳ ಮನೆಯ ಮೇಡಂಗೆ ಫೋನ್ ಮಾಡಿದೆ. ಈ ಸಲ ಊಟದ ಜೊತೆ ಬೇರೆ ಏನು ಬೇಕು ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಕೇಳಿದ್ದು ಇದೇ ಮೊದಲು. ಅವರಿಗೂ ಆಶ್ಚರ್ಯ ಆಯಿತು. "ಸಾರ್, ಭಾನುವಾರ ಸಿಹಿ ಊಟಕ್ಕೆ ತುಂಬಾ ಜನ ಇದ್ದಾರೆ. ನಮಗೆ ಕಷ್ಟ ಆಗೋದು ವಾರದ ದಿನ. ಸಾಯಂಕಾಲ ಪಾಠ ಹೇಳಿಕೊಡೋ ಟೀಚರ್ ಸಂಬಳ ಎರಡು ತಿಂಗಳು ಬಾಕಿ. ಹದಿನೆಂಟು ತುಂಬಿ ಹೊರಗೆ ಹೋಗೋ ಹುಡುಗರಿಗೆ ರೂಮಿನ ಅಡ್ವಾನ್ಸ್ ಕಟ್ಟೋಕೆ ಯಾರೂ ಇಲ್ಲ." ಹನ್ನೆರಡು ವರ್ಷ ನಾನು ಹೋಳಿಗೆಗೆ ಕೊಟ್ಟ ದುಡ್ಡು ಕಣ್ಣ ಮುಂದೆ ಬಂತು. ಟೀಚರ್ ಸಂಬಳ ಅವತ್ತೇ ಕಳಿಸಿದೆ.

ಆಮೇಲೆ 27ನೇ ನಂಬರ್ ತಟ್ಟೆಯ ಹುಡುಗನ ಬಗ್ಗೆ ಕೇಳಿದೆ. ಅವರಿಗೆ ತಕ್ಷಣ ಗೊತ್ತಾಯಿತು.

"ಅವನು ಈಗ ಇಲ್ಲ ಸಾರ್. ಅವನ ಅಮ್ಮನಿಗೆ ಶಿರಾದಲ್ಲಿ ಶಾಲೆ ಅಡುಗೆ ಕೆಲಸ ಸಿಕ್ತು. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಬಂದು ಬರ್ಕೊಟ್ಟು ಕರ್ಕೊಂಡು ಹೋದ್ರು. ಹೋಗೋ ದಿನ ಕುಣೀತಾ ಇದ್ದ."

ಹೆಸರೇನು ಅಂತ ಕೇಳಿದೆ. ಹೇಳಿದರು. ಇಲ್ಲಿ ಬರೆಯುವುದಿಲ್ಲ. ಇಂಥ ಮಕ್ಕಳ ಹೆಸರು, ಫೋಟೊ ಪ್ರಕಟಿಸಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಪಕ್ಕದ ಮನೆಯಾಕೆಯ ನೋಟ್‌ಬುಕ್‌ಗೂ ಕೊಡಲಿಲ್ಲ. ಮಗಳಿಗೆ ಮಾತ್ರ ಹೇಳಿದೆ.

"ಆ ತಟ್ಟೆ?" ಅಂತ ಮೇಡಂನ ಕೇಳಿದೆ.

"ಇದೆ ಸಾರ್. ಹೋದ ವಾರ ಪಾವಗಡದಿಂದ ಒಬ್ಬ ಬಂದ. ಅವನಿಗೆ ಕೊಟ್ವಿ. ಇನ್ನೂ ಸರಿಯಾಗಿ ಊಟ ಮಾಡ್ತಾ ಇಲ್ಲ."